ಬೆಂಗಳೂರಿನಿಂದ ಲೇಹ್‌ಗೆ ಬೈಕ್: ಗಾಡಿ ಯಾವುದು, ಹೊರೆ ಎಷ್ಟು

ಬೆಂಗಳೂರು ಬಿಟ್ಟು ಹೈದರಾಬಾದ್, ನಾಗಪುರ, ಝಾನ್ಸಿ, ದೆಹಲಿ, ಮನಾಲಿ ದಾಟಿ ಲೇಹ್ ಮುಟ್ಟುವಷ್ಟರಲ್ಲಿ ಮೀಟರಿನಲ್ಲಿ ಹತ್ತಿರಹತ್ತಿರ 3,100 ಕಿ.ಮೀ. ಏರಿರುತ್ತದೆ. ಅಲ್ಲಿಂದ ನುಬ್ರಾ, ಪ್ಯಾಂಗಾಂಗ್, ಹಾನ್ಲೆ ಸುತ್ತಿ ಮನೆಗೆ ವಾಪಸಾದರೆ ಒಟ್ಟು 7,500ರ ಆಸುಪಾಸು. ಇದರಲ್ಲಿ ಬೆಟ್ಟದ ದಾರಿ 2,000 ಕಿ.ಮೀ. ಇರಬಹುದು. ಅದರಲ್ಲೂ ಬಹುಪಾಲು ಈಗ ಡಾಂಬರೇ. ನಿಜಕ್ಕೂ ಕಿತ್ತುಹೋದ ಜಲ್ಲಿ, ಕೆಸರು, ಹಳ್ಳದ ನೀರು ಸಿಗುವುದು ಕೆಲವು ನೂರು ಕಿ.ಮೀ. ಮಾತ್ರ. ಮಿಕ್ಕ ಐದೂವರೆ ಸಾವಿರ ಕಿ.ಮೀ. ಬಿಸಿಲಿನಲ್ಲಿ, ಲಾರಿಗಳ ನಡುವೆ, ನಾಲ್ಕು ಪಥದ ಹೆದ್ದಾರಿಯಲ್ಲಿ ಕೂತು ಕಳೆಯುವ ಹೊತ್ತು.

ಗಾಡಿ ಆರಿಸುವಾಗ ಈ ಲೆಕ್ಕವನ್ನೇ ಹೆಚ್ಚಿನವರು ಮರೆಯುತ್ತಾರೆ. ಹಾನ್ಲೆ ಆಚೆಯ ಉಮ್ಲಿಂಗ್ ಲಾದ (‘ಲಾ’ ಎಂದರೆ ಬೆಟ್ಟ ದಾಟುವ ಕಣಿವೆಮಾರ್ಗ) ಫೋಟೋ ನೋಡಿ ಗಾಡಿ ಕೊಳ್ಳುತ್ತಾರೆ, ನಾಗಪುರ ಬರುವುದರೊಳಗೆ ಸೊಂಟ ಹಿಡಿದುಕೊಂಡಿರುತ್ತದೆ. ಇನ್ನು ಕೆಲವರು ಹೆದ್ದಾರಿ ವೇಗಕ್ಕೆಂದು ಭಾರದ ಗಾಡಿ ತೆಗೆದುಕೊಂಡು, ಮನಾಲಿ-ಲೇಹ್ ದಾರಿಯ ಬಾರಾಲಾಚಾದ ಕೆಸರಿನಲ್ಲಿ ಅದನ್ನು ಎತ್ತಿ ನಿಲ್ಲಿಸಲಾಗದೆ ದಾರಿಹೋಕರ ಮುಖ ನೋಡುತ್ತಾರೆ. ಎರಡಕ್ಕೂ ಉತ್ತರ ಸಿಸಿಯಲ್ಲಿಲ್ಲ. ತೂಕದಲ್ಲಿದೆ: ಗಾಡಿಯದ್ದು, ಸಾಮಾನಿನದ್ದು, ಎರಡೂ ಸೇರಿ.

ಮೊದಲು ತೂಕ, ಆಮೇಲೆ ಸಿಸಿ

16,000 ಅಡಿ ದಾಟಿದ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ ಹಿಡಿದರೆ, 17,480 ಅಡಿಯ ತಂಗ್ಲಾಂಗ್ ಲಾದಲ್ಲಿ 40 ಎಚ್‌ಪಿ ಗಾಡಿ 20ರ ಹತ್ತಿರ, 20 ಎಚ್‌ಪಿ ಗಾಡಿ 10ರ ಹತ್ತಿರ ಬಂದು ನಿಲ್ಲುತ್ತದೆ. ಅದೇ ಎತ್ತರದಲ್ಲಿ ನಿಮ್ಮ ಮೈಯ ಶಕ್ತಿಯೂ ಅಷ್ಟೇ ಇಳಿದಿರುತ್ತದೆ. ಮಟ್ಟಸ ನೆಲದಲ್ಲಿ ಬಿದ್ದ ಗಾಡಿಯನ್ನು ಒಬ್ಬರೇ ಎರಡು ಸಲ ಎತ್ತಲಾಗದಿದ್ದರೆ, ಅಲ್ಲಿ ಒಂದು ಸಲವೂ ಆಗದು.

ಆದ್ದರಿಂದ ಕೊಳ್ಳುವ ಮೊದಲು ಪರೀಕ್ಷೆ ಇದು. ಗೆಳೆಯರ ಗಾಡಿಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ. ಗೇರಿನಲ್ಲಿಡಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಕ್ಕೆ ಚಾಚಿಡಿ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಹಿಡಿಯಿರಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ಎತ್ತಿ. ಬೆನ್ನು ಬಗ್ಗಿಸಿ ಎತ್ತಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಲಡಾಖಿನಲ್ಲಿ ಗಾಡಿ ಬಿದ್ದರೆ ಮೊದಲು ಬ್ಯಾಗ್ ಬಿಚ್ಚಿ, ಒಂದೆರಡು ನಿಮಿಷ ಉಸಿರು ತೆಗೆದುಕೊಂಡು, ಆಮೇಲೆ ಕೈ ಹಾಕಿ.

ನಮ್ಮಲ್ಲಿ ಈ ದಾರಿಗೆ ಹೆಚ್ಚಾಗಿ ಹೋಗುವ ಗಾಡಿಗಳನ್ನು ಈ ಕಣ್ಣಿನಿಂದ ನೋಡೋಣ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ತೂಕ 196 ಕೆ.ಜಿ., ಟ್ಯಾಂಕ್ 17 ಲೀಟರ್, 40 ಎಚ್‌ಪಿ, ಮುಂದೆ 21 ಇಂಚಿನ ಚಕ್ರ. ಹಳೆಯ ಹಿಮಾಲಯನ್ 411ದು 199 ಕೆ.ಜಿ., 15 ಲೀಟರ್, 24 ಎಚ್‌ಪಿ. ಹೀರೊ ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕೆ.ಜಿ., 13 ಲೀಟರ್, 19 ಎಚ್‌ಪಿ ಆಸುಪಾಸು. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 167 ಕೆ.ಜಿ., 12 ಲೀಟರ್, 26 ಎಚ್‌ಪಿ, ಮುಂದೆ 19 ಇಂಚು. ಕ್ಲಾಸಿಕ್ 350 ಬಂದರೆ 195 ಕೆ.ಜಿ., 13 ಲೀಟರ್, 20 ಎಚ್‌ಪಿ.

ಒಬ್ಬರೇ ಹೋಗುವವರಿಗೆ ವಿ-ಸ್ಟ್ರಾಮ್ ಎಸ್‌ಎಕ್ಸ್ ಜಾಣ ಆಯ್ಕೆ. ಹೆದ್ದಾರಿಯಲ್ಲಿ ಸುಸ್ತಾಗಿಸುವುದಿಲ್ಲ, ಬಿದ್ದರೆ ಎತ್ತಬಹುದು. ಹಾನ್ಲೆ ಕಡೆಯ ಕಚ್ಚಾ ದಾರಿಯೇ ಗುರಿಯಾಗಿದ್ದರೆ ಎಕ್ಸ್‌ಪಲ್ಸ್ ಒಳ್ಳೆಯದು, ಆದರೆ ಹೆದ್ದಾರಿಯಲ್ಲಿ 80ರ ಮೇಲೆ ಗಂಟೆಗಟ್ಟಲೆ ಓಡಿಸಬಲ್ಲೆ ಎಂದುಕೊಳ್ಳಬೇಡಿ. ದಿನಕ್ಕೆ 400 ಕಿ.ಮೀ. ಎಂದು ಯೋಜಿಸಿ, ಎರಡು ದಿನ ಹೆಚ್ಚು ರಜೆ ಹಾಕಿ. ಹಿಂದೆ ಕೂರುವವರಿದ್ದರೆ ಹಿಮಾಲಯನ್ 450 ಬಿಟ್ಟರೆ ಈ ಪಟ್ಟಿಯಲ್ಲಿ ಬೇರೆ ಯಾವುದೂ ಬೆಟ್ಟದಲ್ಲಿ ನಿರಾಳವಾಗಿ ಎಳೆಯುವುದಿಲ್ಲ. ಕ್ಲಾಸಿಕ್‌ನಲ್ಲಿ ಹೋಗುವವರು ಸಾವಿರಾರು ಮಂದಿ. ಬಿಡಿಭಾಗ, ಮೆಕ್ಯಾನಿಕ್ ಎಲ್ಲಿ ಬೇಕಾದರೂ ಸಿಗುವುದು ಅದರ ದೊಡ್ಡ ಬಲ. ನೆಲದಿಂದ ಎತ್ತರ ಕಡಿಮೆ, ಸಸ್ಪೆನ್ಷನ್ ಚಿಕ್ಕದು, ಆದ್ದರಿಂದ ಕಲ್ಲಿನ ದಾರಿಯಲ್ಲಿ ನಿಧಾನ ಹೋಗಬೇಕು, ಅಷ್ಟೇ.

ಮನೆಯಲ್ಲೇ 150 ಸಿಸಿ ಗಾಡಿ ಇದ್ದರೆ? ಸ್ಪ್ಲೆಂಡರ್‌ನಲ್ಲೇ ಲೇಹ್ ಮುಟ್ಟಿದವರಿದ್ದಾರೆ. ಒಬ್ಬರೇ, 15 ಕೆ.ಜಿ. ಸಾಮಾನು, ಸುಸ್ಥಿತಿಯ ಗಾಡಿ ಎಂದಾದರೆ ಹೊಸದು ಕೊಳ್ಳುವ ದುಡ್ಡನ್ನು ಟೈರು, ಹೆಲ್ಮೆಟ್, ಬೂಟಿಗೆ ಹಾಕಿ.

ಸೀಟಿನ ಎತ್ತರವನ್ನು ಶೋರೂಮಿನಲ್ಲಿ ಚಪ್ಪಲಿ ಹಾಕಿಕೊಂಡು ನೋಡಬೇಡಿ. ರೈಡಿಂಗ್ ಬೂಟ್ ಹಾಕಿ, ಒಂದು ಕಾಲಿನ ಪಾದ ಪೂರ್ತಿ ಊರುತ್ತದೆಯೇ ನೋಡಿ. ಎರಡೂ ಪಾದ ಊರಲೇಬೇಕೆಂದಿಲ್ಲ. ಆದರೆ ಇಳಿಜಾರಿನಲ್ಲಿ ಕಾಲು ಇಡಬೇಕಾದ ಕಡೆ ನೆಲ ಇನ್ನೂ ನಾಲ್ಕು ಇಂಚು ಕೆಳಗಿರುತ್ತದೆ. ಬಹುತೇಕ ಗಾಡಿ ಬೀಳುವುದು ಓಡುವಾಗಲ್ಲ, ನಿಂತಾಗ. ಹಿಮಾಲಯನ್ 450ರ ಸೀಟು ಮಾಮೂಲಿಯಾಗಿ 825 ಮಿ.ಮೀ., ತಗ್ಗಿನ ಸೀಟು ಹಾಕಿಸಿದರೆ 805ಕ್ಕೆ ಇಳಿಯುತ್ತದೆ. ಸೀಟು ತಗ್ಗಿಸಲು ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸುವ ಉಪಾಯವನ್ನು ಅಂಗಡಿಯವರು ಹೇಳಿದರೆ ಬೇಡ ಅನ್ನಿ: ನೆಲದಿಂದ ಎತ್ತರ ಹೋಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತು ಗಾಳಿಗೆ ಬೀಳುತ್ತದೆ.

ಟೈರು, ಟ್ಯೂಬು, ಗಾಳಿ

ಮುಂದಿನ ಚಕ್ರ ದೊಡ್ಡದಿದ್ದಷ್ಟೂ ಗುಂಡಿ, ಕಲ್ಲನ್ನು ಸಲೀಸಾಗಿ ಹತ್ತಿ ಇಳಿಯುತ್ತದೆ; 21 ಇಂಚಿನ ಚಕ್ರದ ಗುಟ್ಟು ಇಷ್ಟೇ. ಕಡ್ಡಿ ಚಕ್ರ ಪೆಟ್ಟು ತಿಂದರೆ ಬಾಗುತ್ತದೆ, ಬಡಿದು ಸರಿಮಾಡಬಹುದು. ಅಲಾಯ್ ಸೀಳಿದರೆ ದಾರಿಯಲ್ಲಿ ಮದ್ದಿಲ್ಲ. ಆದರೆ ಕಡ್ಡಿ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಪಂಚರ್ ಆದರೆ ಚಕ್ರ ಬಿಚ್ಚಲೇಬೇಕು. ಟ್ಯೂಬ್‌ಲೆಸ್‌ನಲ್ಲಿ ತೂತಿಗೆ ರಬ್ಬರ್ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು.

ಈ ದಾರಿಗೆ ಪೂರ್ತಿ ಗುಬುಟು ಟೈರು (ದಪ್ಪ ಉಬ್ಬುಗಳಿರುವ ಆಫ್-ರೋಡ್ ಟೈರು) ಹಾಕಿಸುವುದು ದುಡ್ಡು ದಂಡ. ಹೆದ್ದಾರಿಯ ಕಾಂಕ್ರೀಟಿನಲ್ಲಿ ಹಿಂದಿನ ಟೈರಿನ ಗುಬುಟು ಲೇಹ್ ಮುಟ್ಟುವ ಮೊದಲೇ ಸವೆದು ಚಪ್ಪಟೆಯಾಗುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ. ಡಾಂಬರಿಗೇ ಹೆಚ್ಚು ಒಗ್ಗುವ ಡ್ಯುಯಲ್ ಪರ್ಪಸ್ ಟೈರು ಸಾಕು. ಅರ್ಧಕ್ಕಿಂತ ಹೆಚ್ಚು ಸವೆದ ಟೈರಿನಲ್ಲಿ ಹೊರಡಬೇಡಿ, 7,500 ಕಿ.ಮೀ. ಹೊರೆ ಹೊತ್ತ ಹಿಂದಿನ ಟೈರಿಗೆ ಸಣ್ಣ ದೂರವಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 3224 ಎಂದರೆ 2024ರ 32ನೇ ವಾರದ ತಯಾರಿಕೆ. ಅಂಗಡಿಯಲ್ಲಿ ನಾಲ್ಕೈದು ವರ್ಷ ಕೂತ ಟೈರನ್ನು ರಿಯಾಯಿತಿಗೆ ಕೊಟ್ಟರೂ ಬೇಡ. ಹೊಸ ಟೈರನ್ನು ಹೊರಡುವ ಮೂರು ವಾರ ಮೊದಲೇ ಹಾಕಿಸಿ, ಮೊದಲ ನೂರಿನ್ನೂರು ಕಿ.ಮೀ. ಮೈ ಮೇಲೆ ಎಚ್ಚರವಿರಲಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ.

ಗಾಳಿಯ ವಿಷಯಕ್ಕೆ ಬಂದರೆ ಬೆಟ್ಟದಲ್ಲಿ ಅನಗತ್ಯ ಗಾಬರಿಯೇ ಹೆಚ್ಚು. ಲೇಹ್‌ನಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬುವ ಹಾಗೆ ಟೈರಿನ ಒತ್ತಡವೂ ಮೀಟರಿನಲ್ಲಿ ಏರಬೇಕು, ನಿಜ. ಬೆಂಗಳೂರಿನಲ್ಲಿ 30 ಡಿಗ್ರಿಯಲ್ಲಿ 32 ಪಿಎಸ್‌ಐ ಹಾಕಿಸಿದ್ದು ಅದೇ ಶಾಖದಲ್ಲಿ 16,000 ಅಡಿಗೆ ಹೋದರೆ 37 ತೋರಿಸುತ್ತದೆ. ಆದರೆ ಅಲ್ಲಿ ಚಳಿ 5 ಡಿಗ್ರಿ. ಚಳಿಗೆ ಒತ್ತಡ ಇಳಿದು ಮೀಟರು 33-34ಕ್ಕೆ ಬಂದು ನಿಲ್ಲುತ್ತದೆ. ಒಂದು ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ, ಗಾಳಿ ಬಿಡಬೇಕಾಗಿಲ್ಲ. ಜಲ್ಲಿ-ಮರಳಿನ ದಾರಿಯಲ್ಲಿ ಹಿಡಿತಕ್ಕೆಂದು ನಾಲ್ಕೈದು ಪಿಎಸ್‌ಐ ಇಳಿಸಿದರೆ ಸರಿ, ಆದರೆ ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿ. ಇಳಿಸಿದ್ದನ್ನು ಮರೆತು ಬಯಲಿಗೆ ಇಳಿದರೆ ಟೈರು ಇರಬೇಕಾದ್ದಕ್ಕಿಂತ ಐದರಷ್ಟು ಕಡಿಮೆಯಲ್ಲಿ ಓಡುತ್ತದೆ. ಬದಿ ಬಿಸಿಯಾಗುತ್ತದೆ, ಗುಂಡಿಗೆ ಬಿದ್ದರೆ ರಿಮ್ಮಿನ ಅಂಚು ಟ್ಯೂಬನ್ನು ಎರಡು ಕಡೆ ಕಚ್ಚಿ ಹಾವು ಕಚ್ಚಿದಂಥ ಜೋಡಿ ತೂತು ಬೀಳುತ್ತದೆ.

ಟ್ಯೂಬ್ ಗಾಡಿಯವರು ಮುಂದಿನದು, ಹಿಂದಿನದು ಎಂದು ಎರಡೂ ಹೊತ್ತರೆ ಜಾಗ ಹೋಗುತ್ತದೆ. 21 ಇಂಚಿನ ಮುಂದಿನ ಟ್ಯೂಬನ್ನು ಆಪತ್ತಿಗೆ 17 ಇಂಚಿನ ಹಿಂದಿನ ಟೈರಿನೊಳಗೂ ಮಡಿಸಿ ಕೂರಿಸಬಹುದು, ಮುಂದಿನ ಊರು ಮುಟ್ಟುವಷ್ಟು ದೂರ ನಿಧಾನವಾಗಿ ಹೋಗಬಹುದು. ತಿರುಗಾಮುರುಗಾ ಆಗದು. ಜಾಗವಿದ್ದರೆ ಎರಡೂ ಒಯ್ಯಿರಿ, ಇಲ್ಲದಿದ್ದರೆ ಮುಂದಿನದು.

365 ಕಿ.ಮೀ.ನ ಲೆಕ್ಕ

ಕೇಲಾಂಗ್‌ಗೆ ಸ್ವಲ್ಪ ಮೊದಲು ತಾಂಡಿ ಎಂಬಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕಕ್ಕೇ ಅದು ಹೆಸರುವಾಸಿ. ನಡುವೆ ಹೊಸ ಬಂಕ್ ಬಂದಿದೆ ಎಂದು ಯಾರಾದರೂ ಹೇಳಿದರೂ ಅದನ್ನು ನಂಬಿ ಅರ್ಧ ಟ್ಯಾಂಕಿನಲ್ಲಿ ಹೊರಡಬೇಡಿ. ಬಂಕ್ ಇದ್ದರೆ ಸಾಲದು, ಸ್ಟಾಕೂ ಇರಬೇಕಲ್ಲ.

ಲೆಕ್ಕ ಹೀಗೆ ಹಾಕಿ. ಹೊರೆ ಹೇರಿಕೊಂಡು ಹೆದ್ದಾರಿಯಲ್ಲಿ ಬಂದ ಮೈಲೇಜಿನಲ್ಲಿ ಶೇ 20 ಕಳೆಯಿರಿ. ಲೀಟರಿಗೆ 30 ಕೊಟ್ಟ ಗಾಡಿಗೆ 24 ಎಂದು ಹಿಡಿದರೆ 365 ಕಿ.ಮೀ.ಗೆ 15 ಲೀಟರ್ ಚಿಲ್ಲರೆ ಬೇಕು. 17 ಲೀಟರ್ ಟ್ಯಾಂಕಿನವರು 2 ಲೀಟರ್ ಕೈಯಲ್ಲಿಟ್ಟುಕೊಂಡರೆ ನೆಮ್ಮದಿ. 12-13 ಲೀಟರಿನವರಿಗೆ 5 ಲೀಟರ್ ಬೇಕೇ ಬೇಕು. ಬೆಟ್ಟದಲ್ಲಿ ನಿಧಾನಕ್ಕೆ ಹೋಗುವುದರಿಂದ ಕೆಲವರಿಗೆ ಮೈಲೇಜ್ ಹೆಚ್ಚಿ ಬರುವುದೂ ಉಂಟು, ಆದರೆ ಲೆಕ್ಕವನ್ನು ಕೆಟ್ಟ ದಿನಕ್ಕೇ ಹಾಕಬೇಕು. ಲೇಹ್‌ನಿಂದ ಹಾನ್ಲೆ ಒಂದು ಕಡೆಗೇ 250 ಕಿ.ಮೀ. ಮೀರುತ್ತದೆ, ಉಮ್ಲಿಂಗ್ ಲಾ ಸೇರಿಸಿದರೆ ಈ ಡಬ್ಬಿ ಮತ್ತೆ ಕೆಲಸಕ್ಕೆ ಬರುತ್ತದೆ. 5 ಲೀಟರ್ ಪೆಟ್ರೋಲ್ ತೂಗುವುದು 4 ಕೆ.ಜಿ.ಗೂ ಕಡಿಮೆ.

ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯಬೇಡಿ. ಪೆಟ್ರೋಲಿಗೆಂದೇ ಮಾಡಿದ ಡಬ್ಬಿ ಬೇಕು, ಕುತ್ತಿಗೆವರೆಗೆ ತುಂಬಬಾರದು. ಏರುತ್ತ ಹೋದಂತೆ ಒಳಗಿನ ಆವಿ ಉಬ್ಬುತ್ತದೆ; ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಪೆಟ್ರೋಲ್ ಕೈಮೇಲೆ ಚಿಮ್ಮುತ್ತದೆ. ಸೈಲೆನ್ಸರಿನ ಕಡೆ ಕಟ್ಟಬೇಡಿ. ತಾಂಡಿಯವರೆಗೆ ಖಾಲಿ ಡಬ್ಬಿ ಸಾಕು, ಮೆಜೆಸ್ಟಿಕ್‌ನಿಂದಲೇ ತುಂಬಿಸಿಕೊಂಡು ಹೊರಡುವುದರಲ್ಲಿ ಅರ್ಥವಿಲ್ಲ.

ಹೊರಡುವ ಮೊದಲಿನ ಸರ್ವಿಸ್

ಸರ್ವಿಸ್ ಮಾಡಿಸಿ ಮರುದಿನ ಹೊರಡುವುದು ಕೆಟ್ಟ ಪದ್ಧತಿ. ಬಿಚ್ಚಿ ಜೋಡಿಸಿದ್ದರಲ್ಲಿ ಒಂದು ಬೋಲ್ಟ್ ಸಡಿಲ ಉಳಿಯುವುದು ಸಾಮಾನ್ಯ, ಅದು ಗೊತ್ತಾಗಲು 300-500 ಕಿ.ಮೀ. ಓಡಬೇಕು. ಮೂರು ವಾರ ಮೊದಲು ಮಾಡಿಸಿ.

ಎಂಜಿನ್ ಆಯಿಲ್, ಫಿಲ್ಟರ್ ಹೊಸದು. ಗ್ರೇಡ್ ಮ್ಯಾನ್ಯುಯಲ್ ಹೇಳಿದ್ದೇ. ಚಳಿಗೆಂದು ತೆಳು ಆಯಿಲ್ ಹಾಕಿಸಿದರೆ ನಾಗಪುರದ ಬಿಸಿಲಿಗೆ ಆಗದು. ಏರ್ ಫಿಲ್ಟರ್ ಬದಲಿಸಿ, ಹಳೆಯದನ್ನು ಧೂಳು ಕೊಡವಿ ಮತ್ತೆ ಹಾಕುವುದು ಬೇಡ. ಬ್ರೇಕ್ ಪ್ಯಾಡ್ ಅರ್ಧ ಸವೆದಿದ್ದರೆ ಹೊಸದು ಹಾಕಿ, ಹಳೆಯದನ್ನೇ ಬಿಡಿಭಾಗವಾಗಿ ಕಟ್ಟಿಕೊಳ್ಳಿ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷವಾಗಿದ್ದರೆ ಬದಲಿಸಲೇಬೇಕು: ಅದು ಗಾಳಿಯ ತೇವ ಹೀರುತ್ತದೆ, ಉದ್ದ ಇಳಿಜಾರಿನಲ್ಲಿ ಬಿಸಿಯಾಗಿ ಆ ನೀರು ಆವಿಯಾದರೆ ಲಿವರ್ ಸ್ಪಂಜಿನಂತೆ ಒಳಕ್ಕೆ ಹೋಗುತ್ತದೆ.

ಕೂಲಂಟ್ ಇರುವ ಗಾಡಿಯಾದರೆ ಇದನ್ನು ತಪ್ಪದೆ ಕೇಳಿ: ಯಾವಾಗಲಾದರೂ ಬರೀ ನೀರು ಸುರಿದಿದ್ದಾರೆಯೇ? ಬೆಂಗಳೂರಿನಲ್ಲಿ ನೀರಿನಿಂದ ಏನೂ ತೊಂದರೆ ಕಾಣುವುದಿಲ್ಲ. ಲೇಹ್ ದಾರಿಯ ಎತ್ತರದ ತಂಗುದಾಣ ಸರ್ಚುವಿನ ರಾತ್ರಿಯಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್ ಸೀಳುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮೈನಸ್ 30ಕ್ಕೂ ಕೆಳಗೆ ತಡೆಯುತ್ತದೆ.

ಚೈನು, ಮುಂದಿನ-ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) 15,000 ಕಿ.ಮೀ. ಓಡಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸಿ. ಸಡಿಲ ಎಷ್ಟಿರಬೇಕೆಂದು ಮ್ಯಾನ್ಯುಯಲಿನಲ್ಲೋ ಹಿಂದಿನ ಸ್ವಿಂಗ್ ಆರ್ಮಿನ ಸ್ಟಿಕ್ಕರಿನಲ್ಲೋ ಇರುತ್ತದೆ. ಇಲ್ಲೊಂದು ಮಾತು: ಹೊರೆ ಹೇರಿದಾಗ, ಗುಂಡಿಯಲ್ಲಿ ಹಿಂಬದಿ ಕುಸಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ. ಸದ್ದು ಬರುತ್ತದೆಂದು ಬಿಗಿ ಮಾಡಿಸಿದವರಿಗೆ ಗೇರ್ ಬಾಕ್ಸಿನ ಔಟ್‌ಪುಟ್ ಬೇರಿಂಗ್, ಆಯಿಲ್ ಸೀಲ್ ಹೋಗುವುದು ಇಲ್ಲೇ. ಬಿಗಿಗಿಂತ ತುಸು ಸಡಿಲವೇ ಮೇಲು. ಪ್ರತಿ 500 ಕಿ.ಮೀ.ಗೆ ಲ್ಯೂಬ್, ಸಂಜೆ ಗಾಡಿ ನಿಲ್ಲಿಸಿ ಚೈನು ಬಿಸಿಯಿದ್ದಾಗಲೇ; ಬೆಳಿಗ್ಗೆ ಹಚ್ಚಿ ಹೊರಟರೆ ಅರ್ಧ ಪ್ಯಾಂಟಿಗೆ ಹಾರುತ್ತದೆ.

ಕ್ಲಚ್ ಲಿವರಿನಲ್ಲಿ 2-3 ಮಿ.ಮೀ. ಆಟ ಇರಲೇಬೇಕು. ಆಟವಿಲ್ಲದೆ ಬಿಗಿ ಮಾಡಿದ ಕೇಬಲ್ ಕ್ಲಚ್ಚನ್ನು ಪೂರ್ತಿ ಕೂರಲು ಬಿಡುವುದಿಲ್ಲ. ಮೇಲೆ ಎಂಜಿನ್ ಬಲ ಕಡಿಮೆ, ಗಾಡಿ ನಿಂತುಬಿಡುತ್ತದೆಂದು ಎಲ್ಲರೂ ಅರ್ಧ ಕ್ಲಚ್ ಹಿಡಿದೇ ಏರುತ್ತಾರೆ, ಎರಡೂ ಸೇರಿ ಪ್ಲೇಟ್ ಸುಡುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ನಿಲ್ಲಿಸಿ, 20 ನಿಮಿಷ ಆರಲು ಬಿಡಿ. ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಏರಲಾಗದಿದ್ದರೆ ಹಿಂದೆ ಕೂತವರು ಇಳಿದು ನಡೆಯುವುದು ಕ್ಲಚ್ ಪ್ಲೇಟಿಗಿಂತ ಅಗ್ಗ.

ಹಿಂದಿನ ಸಸ್ಪೆನ್ಷನ್ನಿನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಹೊರೆಗೆ ತಕ್ಕಂತೆ ಏರಿಸಿ. ಏರಿಸದಿದ್ದರೆ ಹಿಂಬದಿ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ತೇಲಿದಂತಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಹೆಚ್ಚುವರಿ ದೀಪ, ಮೊಬೈಲ್ ಚಾರ್ಜರ್ ಹಾಕಿಸುವುದಿದ್ದರೆ ರಿಲೇ ಮತ್ತು ಅದಕ್ಕೇ ಬೇರೆ ಫ್ಯೂಸ್ ಇಲ್ಲದೆ ಬೇಡ. ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆಯಲ್ಲಿ ಹಾಕಿ ಕಳಿಸುತ್ತಾರೆ; ಹೆಡ್‌ಲೈಟಿನ ವೈರಿಗೇ ಕಚ್ಚಿಸಿದ್ದರೆ ಅಂಥ ಜೋಡಣೆಯೇ ಮುಂದೆ ಮಳೆಯಲ್ಲಿ ಗಾಡಿ ನಿಲ್ಲಿಸುತ್ತದೆ.

ಚೀಲದಲ್ಲಿ ಏನಿರಬೇಕು

ಕ್ಲಚ್ ಕೇಬಲ್ ಒಂದು (ಚೀಲದಲ್ಲಲ್ಲ, ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಹಾಯಿಸಿ ಟೇಪು ಸುತ್ತಿಡಿ, ತುಂಡಾದರೆ ಎರಡು ತುದಿ ಬದಲಿಸಿದರೆ ಆಯಿತು). ಆಕ್ಸಿಲರೇಟರ್ ಕೇಬಲ್ಲಿಗೂ ಹೀಗೆಯೇ. ಹಿಮಾಲಯನ್ 450ಗೆ ಅದು ಬೇಡ, ಅದರ ಆಕ್ಸಿಲರೇಟರ್ ಕೇಬಲ್ ಇಲ್ಲದೆ ವಿದ್ಯುತ್ ಸಂಕೇತದಿಂದ ಕೆಲಸ ಮಾಡುತ್ತದೆ. ಕ್ಲಚ್, ಬ್ರೇಕ್ ಲಿವರ್ ತಲಾ ಒಂದು: ನಿಂತಲ್ಲೇ ಬಿದ್ದರೂ ಮೊದಲು ಮುರಿಯುವುದು ಇವೇ. ಗೇರ್ ಲಿವರ್ ಬಾಗಿದರೆ ಬಡಿದು ನೆಟ್ಟಗೆ ಮಾಡಬಹುದು. ಸ್ಪಾರ್ಕ್ ಪ್ಲಗ್, ಎಲ್ಲ ಅಳತೆಯ ಫ್ಯೂಸ್ ಎರಡೆರಡು, ಚೈನಿನ ಲಿಂಕ್ ಎರಡು, ಟ್ಯೂಬ್, ಪ್ಯಾಚ್ ಮತ್ತು ಸೊಲ್ಯೂಷನ್ (ಸೊಲ್ಯೂಷನ್ ತೆರೆಯದ ಹೊಸದೇ ಇರಲಿ, ತೆರೆದದ್ದು ಒಣಗಿರುತ್ತದೆ), ಟೈರ್ ಎಬ್ಬಿಸುವ ಸಲಾಕೆ ಮೂರು, ಬ್ಯಾಟರಿಯಿಂದ ನಡೆಯುವ ಪುಟ್ಟ ಕಂಪ್ರೆಸರ್, ಅದು ಕೈಕೊಟ್ಟರೆಂದು ಚಿಕ್ಕ ಕಾಲು ಪಂಪು. ಎಂ-ಸೀಲ್ ಎರಡು ಪ್ಯಾಕೆಟ್. ಕಲ್ಲು ಬಡಿದು ಎಂಜಿನ್ ತಳ ಸೀಳಿದರೆ ಎಣ್ಣೆಯನ್ನು ಒರೆಸಿ, ಉಜ್ಜಿ, ಹಚ್ಚಿ ಒಂದು ರಾತ್ರಿ ಬಿಟ್ಟರೆ ಲೇಹ್‌ವರೆಗೆ ಹೋಗಬಹುದು. ಅದಕ್ಕಾಗಿ ಒಂದು ಲೀಟರ್ ಆಯಿಲ್. ಕೇಬಲ್ ಟೈ, ಬಟ್ಟೆಯ ಗಟ್ಟಿ ಟೇಪು, ಎರಡು ಮೀಟರ್ ಬೈಂಡಿಂಗ್ ವೈರ್.

ಪಾನಾಗಳನ್ನು ಪಟ್ಟಿ ನೋಡಿ ಕೊಳ್ಳಬೇಡಿ, ನಿಮ್ಮ ಗಾಡಿ ನೋಡಿ ಕೊಳ್ಳಿ. ಒಂದು ಭಾನುವಾರ ಕೂತು, ಒಯ್ಯಲಿರುವ ಪಾನಾಗಳಲ್ಲೇ ಎರಡೂ ಚಕ್ರ ಬಿಚ್ಚಿ, ಟ್ಯೂಬ್ ತೆಗೆದು, ಮತ್ತೆ ಹಾಕಿ, ಗಾಳಿ ತುಂಬಿ. ಹಿಂದಿನ ಆಕ್ಸಲಿನ ನಟ್ಟಿಗೆ ದೊಡ್ಡ ಪಾನಾ ಬೇಕೆಂಬುದು, ಅದನ್ನು ಸರ್ವಿಸ್ ಸ್ಟೇಷನ್ನಿನಲ್ಲಿ ಏರ್ ಗನ್ನಿನಿಂದ ಬಿಗಿದಿದ್ದಾರೆಂಬುದು, ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಯಾವುದಕ್ಕೆ ಒರಗಿಸಬೇಕೆಂಬುದು ಆಗ ತಿಳಿಯುತ್ತದೆ. ಲೇಹ್ ದಾರಿಯ ಪಾಂಗ್‌ನಲ್ಲಿ ತಿಳಿಯುವುದಕ್ಕಿಂತ ಒಳ್ಳೆಯದು.

ಟೆಂಟು, ಒಲೆ, ಪಾತ್ರೆ ಬಿಟ್ಟುಬಿಡಿ. ಸೀಸನ್ನಿನಲ್ಲಿ ಜಿಸ್ಪಾ, ಸರ್ಚು, ಪಾಂಗ್ ಎಲ್ಲ ಕಡೆ ಢಾಬಾ, ಹಾಸಿಗೆ, ಮ್ಯಾಗಿ ಸಿಗುತ್ತದೆ. ಐದಾರು ಕೆ.ಜಿ. ಉಳಿಯಿತು. ಉಪಕರಣ-ಬಿಡಿಭಾಗ 6, ಬಟ್ಟೆ 5, ಚಳಿ-ಮಳೆಯ ಉಡುಪು 4, ನೀರು-ಪೆಟ್ರೋಲ್ 5, ಔಷಧಿ-ಚಾರ್ಜರ್ ಇತ್ಯಾದಿ 2: 22 ಕೆ.ಜಿ.ಗೆ ನಿಲ್ಲಿಸಬಹುದು. ಮನೆಯ ತೂಕದ ಮಾಪಕದ ಮೇಲೆ ಇಟ್ಟೇ ನೋಡಿ, ಅಂದಾಜು ಯಾವಾಗಲೂ ಸುಳ್ಳು ಹೇಳುತ್ತದೆ.

ಕಚ್ಚಾ ದಾರಿಗೆ ಬಟ್ಟೆಯ ಸ್ಯಾಡಲ್ ಬ್ಯಾಗೇ ಲೇಸು. ಲೋಹದ ಪೆಟ್ಟಿಗೆ ಕಳ್ಳತನಕ್ಕೆ, ಮಳೆಗೆ ಗಟ್ಟಿ. ಆದರೆ ಪೆಟ್ಟಿಗೆ, ಸ್ಟ್ಯಾಂಡ್ ಸೇರಿ ಖಾಲಿಯೇ ಹತ್ತು ಕೆ.ಜಿ. ಮೀರುತ್ತದೆ, ಕೆಸರಿನಲ್ಲಿ ಕಾಲೂರಿದಾಗ ಹಿಂದಿನಿಂದ ಬಂದು ಮೀನಖಂಡಕ್ಕೆ ಹೊಡೆಯುತ್ತದೆ. ಬ್ಯಾಗ್ ಕಟ್ಟುವಾಗ ಭಾರದ್ದು ಕೆಳಗೆ ಮತ್ತು ಮುಂದೆ, ಎಡ-ಬಲ ಸಮ. ಹಿಂದಿನ ಕ್ಯಾರಿಯರಿನ ತುದಿಯಲ್ಲಿ ಹಗುರವಾದದ್ದು ಮಾತ್ರ. ಅಲ್ಲಿ ಹತ್ತು ಕೆ.ಜಿ. ಇಟ್ಟರೆ ಗುಂಡಿಗಳಲ್ಲಿ ಕ್ಯಾರಿಯರಿನ ಬೆಸುಗೆ ಬಿಡುತ್ತದೆ. ರಬ್ಬರಿನ ಹಗ್ಗ ಕುಲುಕಾಟಕ್ಕೆ ಸಡಿಲವಾಗಿ ಚಕ್ರಕ್ಕೆ ಸಿಕ್ಕಿಕೊಳ್ಳಬಲ್ಲದು, ಹಿಗ್ಗದ ಪಟ್ಟಿ ಬಳಸಿ. ಬ್ಯಾಗ್ ಮತ್ತು ಸೈಲೆನ್ಸರಿನ ನಡುವೆ ನಾಲ್ಕು ಬೆರಳು ಅಂತರ, ಅದೂ ಸಸ್ಪೆನ್ಷನ್ ಪೂರ್ತಿ ಕುಸಿದಾಗ.

45 ಡಿಗ್ರಿಯಿಂದ ಸೊನ್ನೆಗೆ

ಜೂನಿನಲ್ಲಿ ಹೊರಟರೆ ನಾಗಪುರದ ಹತ್ತಿರ 45 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ವಾರದೊಳಗೆ ಸರ್ಚುವಿನ ರಾತ್ರಿ ಸೊನ್ನೆಗಿಂತ ಕೆಳಗೆ. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದಲ್ಲಿ ಗುಡ್ಡ ಕುಸಿತ. ಸೆಪ್ಟೆಂಬರ್ ಎಲ್ಲಕ್ಕಿಂತ ವಾಸಿ: ಮಳೆ ಹಿಂದೆ ಸರಿಯುತ್ತಿರುತ್ತದೆ, ಹಳ್ಳಗಳಲ್ಲಿ ನೀರು ಇಳಿದಿರುತ್ತದೆ, ರಾತ್ರಿ ಚಳಿ ಮಾತ್ರ ಹೆಚ್ಚು.

ಇದಕ್ಕೆಲ್ಲ ಒಂದೇ ದಪ್ಪ ಜಾಕೆಟ್ ಕೊಂಡರೆ ಬಿಸಿಲಿನಲ್ಲಿ ಬಿಚ್ಚಿ ಹಿಂದೆ ಕಟ್ಟುತ್ತೀರಿ, ಬಿದ್ದಾಗ ಮೈಮೇಲೆ ಏನೂ ಇರುವುದಿಲ್ಲ. ಗಾಳಿಯಾಡುವ ಮೆಶ್ ಜಾಕೆಟ್ ಕೊಂಡು ಒಳಗೆ-ಹೊರಗೆ ಪದರ ಸೇರಿಸಿ. ಒಳಗೆ ಉಣ್ಣೆಯದೋ ಸಿಂಥೆಟಿಕ್‌ದೋ ಥರ್ಮಲ್, ನಡುವೆ ತೆಳುವಾದ ಪಫರ್, ಹೊರಗೆ ಮಳೆ ಉಡುಪು. ಮಳೆ ಪದರ ಜಾಕೆಟ್ಟಿನ ಹೊರಗೇ ಬರಬೇಕು. ಒಳಗೆ ಜಿಪ್ ಹಾಕುವ ರೇನ್ ಲೈನರ್ ಮೈಯನ್ನು ಒಣಗಿಡುತ್ತದೆ ಸರಿ, ಆದರೆ ಹೊರಗಿನ ಜಾಕೆಟ್ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಆರುತ್ತ ಮೈಯ ಶಾಖ ಎಳೆಯುತ್ತದೆ, ಮರುದಿನ ಬೆಳಿಗ್ಗೆಯೂ ಒದ್ದೆ. ಹತ್ತಿಯ ಬನಿಯನ್ ಬೇಡ, ಬೆವರು ಹಿಡಿದುಕೊಂಡು ಬೆನ್ನು ತಣ್ಣಗಾಗುತ್ತದೆ.

ಜಾಕೆಟ್ಟಿನಲ್ಲಿ ಬಟ್ಟೆಗಿಂತ ಆರ್ಮರ್ (ಪೆಟ್ಟು ತಡೆಯುವ ಪ್ಯಾಡು) ನೋಡಿ. ಭುಜ, ಮೊಣಕೈ, ಮೊಣಕಾಲಿಗೆ ಸಿಇ (ಯುರೋಪಿನ ಸುರಕ್ಷತಾ ಗುರುತು) ಲೆವೆಲ್ 2 ಎಂದು ಅದರ ಮೇಲೇ ಅಚ್ಚಾಗಿರಬೇಕು. ಲೆವೆಲ್ 1 ಸರಾಸರಿ 35 ಕಿಲೋನ್ಯೂಟನ್‌ವರೆಗೆ ಪೆಟ್ಟನ್ನು ಒಳಕ್ಕೆ ಬಿಡಬಹುದು, ಲೆವೆಲ್ 2 ಬಿಡಬಹುದಾದದ್ದು 20. ಅನೇಕ ಜಾಕೆಟ್ಟುಗಳಲ್ಲಿ ಬೆನ್ನಿನ ಜಾಗದಲ್ಲಿ ಬರೀ ಸ್ಪಂಜು ಇಟ್ಟು ಕಳಿಸಿರುತ್ತಾರೆ. ಕೈ ಹಾಕಿ ತೆಗೆದು ನೋಡಿ, ಹಾಗಿದ್ದರೆ ಬೆನ್ನಿನ ಆರ್ಮರ್ ಬೇರೆ ಕೊಳ್ಳಿ.

ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವುದು, ಐಎಸ್‌ಐ ಗುರುತು ಕಡ್ಡಾಯ, ಅದರ ಜೊತೆ ಯುರೋಪಿನ ಹೆಲ್ಮೆಟ್ ಮಾನದಂಡ ಇಸಿಇ 22.06 ಇದ್ದರೆ ಇನ್ನೂ ಒಳ್ಳೆಯದು. ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಪಟ್ಟಿ ಬಿಗಿದು ಹಿಂದಿನ ಅಂಚನ್ನು ಮೇಲಕ್ಕೆ ಎತ್ತಿ ಎಳೆಯಿರಿ. ಮುಂದಕ್ಕೆ ಉರುಳಿ ಬಂದರೆ ಅಳತೆ ದೊಡ್ಡದಾಯಿತು. ಅಂಗಡಿಯಲ್ಲಿ ಅರ್ಧ ಗಂಟೆ ಹಾಕಿಕೊಂಡೇ ನಿಲ್ಲಿ. ವೈಸರ್ ಬಿಳಿಯದೇ ಇರಲಿ, ಒಳಗೆ ತಂಪು ಕನ್ನಡಕ ಹಾಕಿ. ಕಪ್ಪು ವೈಸರ್ ಹಾಕಿದರೆ ಅಟಲ್ ಸುರಂಗದ 9 ಕಿ.ಮೀ.ನಲ್ಲಿ ತಡಕಾಡಬೇಕು. ಚಳಿಗೆ ಉಸಿರಿನ ಮಂಜು ಕಟ್ಟುತ್ತದೆ, ಪಿನ್‌ಲಾಕ್ (ಒಳಗೆ ಕೂರಿಸುವ, ಮಂಜು ಕಟ್ಟದ ಪದರ) ಹಾಕುವ ವೈಸರ್ ಆದರೆ ಆ ಕಾಟವಿಲ್ಲ.

ಗ್ಲೌಸ್ ಎರಡು ಜೊತೆ: ಬಯಲಿಗೆ ತೆಳು, ಬೆಟ್ಟಕ್ಕೆ ದಪ್ಪ ಮತ್ತು ನೀರು ಬಾರದ್ದು. ದಪ್ಪದ್ದನ್ನು ಹಾಕಿಕೊಂಡು ಬ್ರೇಕ್ ಲಿವರನ್ನು ಎರಡು ಬೆರಳಲ್ಲಿ ಹಿಡಿಯಲಾಗುತ್ತದೆಯೇ ನೋಡಿ.

ಬೂಟಿನ ವಿಷಯದಲ್ಲಿ ದಾರಿಯುದ್ದಕ್ಕೂ ಗಂಬೂಟ್ ಹಾಕಿಕೊಂಡವರನ್ನು ಕಾಣುತ್ತೀರಿ. ನೀರಿಗೆ ಅದು ಒಳ್ಳೆಯದೇ. ಗಾಡಿ ಕಾಲಿನ ಮೇಲೆ ಬಿದ್ದರೆ ಹಿಮ್ಮಡಿ ಮೂಳೆಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಹಿಮ್ಮಡಿಗೆ ಗಟ್ಟಿ ಕವಚವಿರುವ ರೈಡಿಂಗ್ ಬೂಟು, ಒದ್ದೆಯಾದರೆ ಒಣ ಕಾಲ್ಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಮತ್ತೆ ಬೂಟು: ನೋಡಲು ಚೆಂದವಿಲ್ಲ, ಕೆಲಸ ಮಾಡುತ್ತದೆ. ಇನ್ನೂ ಒಳ್ಳೆಯದೆಂದರೆ ಹಳ್ಳಗಳನ್ನು ಬೆಳಿಗ್ಗೆಯೇ ದಾಟುವುದು. ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಏರುತ್ತದೆ, ಬೆಳಿಗ್ಗೆ ಹಿಮ್ಮಡಿ ಮುಳುಗುತ್ತಿದ್ದ ಕಡೆ ಸಂಜೆಗೆ ಮೊಣಕಾಲು ಬರುತ್ತದೆ.

ಒಮ್ಮೆ ಚಾರ್ಮಾಡಿ ಹತ್ತಿ ಇಳಿಯಿರಿ

ಎಲ್ಲ ಕಟ್ಟಿಕೊಂಡು, ಬೆಟ್ಟಕ್ಕೆ ಹಾಕುವ ಬಟ್ಟೆಯಲ್ಲೇ, ಚಿಕ್ಕಮಗಳೂರು ದಾಟಿ ಚಾರ್ಮಾಡಿ ಘಾಟಿಗೆ ಎರಡು ದಿನದ ಓಟ ಹಾಕಿ. ಮಳೆಗಾಲವಾದರೆ ಇನ್ನೂ ಉತ್ತಮ. ರೇನ್‌ಕೋಟ್ ಕುತ್ತಿಗೆಯಲ್ಲಿ ನೀರು ಬಿಡುತ್ತದೆಯೇ, ತಿರುವಿನಲ್ಲಿ ಬ್ಯಾಗ್ ಜರುಗುತ್ತದೆಯೇ, ಸೀಟು ಮೂರನೇ ಗಂಟೆಗೆ ಕಚ್ಚುತ್ತದೆಯೇ ಎಲ್ಲ ಗೊತ್ತಾಗುತ್ತದೆ. ವಾಪಸ್ ಬಂದು ಪ್ರತಿ ಬೋಲ್ಟಿಗೂ ಪಾನಾ ಹಾಕಿ ನೋಡಿ. ಕ್ಯಾರಿಯರ್, ಬ್ಯಾಗಿನ ಸ್ಟ್ಯಾಂಡ್, ಕ್ರ್ಯಾಶ್ ಗಾರ್ಡ್ ಬೋಲ್ಟುಗಳಿಗೆ ಲಾಕ್ಟೈಟ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿಯಿರಿ.

ರಜೆ ಕಡಿಮೆಯಿದ್ದರೆ ಗಾಡಿಯನ್ನು ರೈಲಿನಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳಿಸಬಹುದು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಗೋಣಿತಟ್ಟು ಸುತ್ತಿಸಬೇಕು. ಕನ್ನಡಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ. ಅದೇ ರೈಲಿನಲ್ಲಿ ನೀವೂ ಹೋಗುವುದಾದರೆ ಟಿಕೆಟ್ ತೋರಿಸಿ ಲಗೇಜ್ ಆಗಿ ಹಾಕಿ. ಪಾರ್ಸೆಲ್ ಆದರೆ ಯಾವ ದಿನ ಮುಟ್ಟುತ್ತದೆಂಬ ಖಾತರಿ ಇಲ್ಲ. ಮನಾಲಿಯಲ್ಲಿ ಬಾಡಿಗೆ ಗಾಡಿ ಹಿಡಿಯುವವರಿಗೆ ಒಂದು ತೊಡಕು: ಹೊರಗಿನ ಬಾಡಿಗೆ ಬೈಕನ್ನು ಲೇಹ್‌ನಿಂದ ಮುಂದೆ ನುಬ್ರಾ, ಪ್ಯಾಂಗಾಂಗ್ ಕಡೆ ಓಡಿಸಲು ಅಲ್ಲಿನ ಬೈಕ್ ಬಾಡಿಗೆದಾರರ ಸಂಘ ಬಿಡುವುದಿಲ್ಲ, ಅಲ್ಲಿ ಮತ್ತೊಂದು ಬಾಡಿಗೆ ಹಿಡಿಯಬೇಕು. ಸ್ವಂತ ಹೆಸರಿನ ಗಾಡಿಗೆ ಈ ತೊಂದರೆ ಇಲ್ಲ. ಆರ್‌ಸಿ ಬೇರೆಯವರ ಹೆಸರಿನಲ್ಲಿದ್ದರೆ ಅವರ ಪತ್ರ ಇಟ್ಟುಕೊಳ್ಳಿ.

ಹೆದ್ದಾರಿಯ ಟೋಲಿನಲ್ಲಿ ಬೈಕಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆದರೆ ಕೆಲವು ರಸ್ತೆಗೆ ಬೈಕನ್ನೇ ಬಿಡುವುದಿಲ್ಲ. ಹೈದರಾಬಾದಿನ ಹೊರ ವರ್ತುಲ ರಸ್ತೆ ಅಂಥದ್ದು. ನಕ್ಷೆಯನ್ನು ದ್ವಿಚಕ್ರ ವಾಹನಕ್ಕೆ ಬದಲಿಸಿಕೊಂಡೇ ದಾರಿ ಹುಡುಕಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ ಮತ್ತು ಲಡಾಖಿನಲ್ಲಿ ನಡೆಯುವುದಿಲ್ಲ, ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿ. ಮನಾಲಿ ಕಡೆಯಿಂದ ಏರುವಾಗ ಮೊದಲ ರಾತ್ರಿ 14,000 ಅಡಿಯ ಸರ್ಚುವಿನಲ್ಲಿ ಮಲಗುವ ಬದಲು 10,500 ಅಡಿಯ ಜಿಸ್ಪಾದಲ್ಲಿ ಮಲಗಿ. ಲೇಹ್ ಮುಟ್ಟಿದ ಮೇಲೆ ಎರಡು ದಿನ ಗಾಡಿ ಮುಟ್ಟದೆ ಸುಮ್ಮನಿರಿ. ಎತ್ತರದ ಕಾಯಿಲೆಗೆಂದು ಡೈಮಾಕ್ಸ್ ಮಾತ್ರೆ ಒಯ್ಯುವುದಾದರೆ ಬೆಂಗಳೂರಿನಲ್ಲೇ ವೈದ್ಯರನ್ನು ಕೇಳಿ; ಸಲ್ಫಾ ಔಷಧಿಗೆ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು. ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ಮಾತ್ರೆಗೆ ಕಾಯದೆ, ಗಾಡಿಯನ್ನು ಅಲ್ಲೇ ಬಿಟ್ಟು, ಸಿಕ್ಕ ಜೀಪಿನಲ್ಲಿ ಕೆಳಕ್ಕೆ ಇಳಿಯಿರಿ.